ಎರಡನೇ ಲೋಟ ಕಾಫಿ ಪಕ್ಷ

ಪೋಲೆಂಡ್ ದೇಶಕ್ಕೆ ಪ್ರಜಾಪ್ರಭುತ್ವ ತಂದವನು ನಾನಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಜಂಬ ಕೊಚ್ಚಿಕೊಂಡ ಅನ್ನಬೇಡಿ. ಆದರೆ ಆ ದೇಶದ ಪ್ರಜಾಪ್ರಭುತ್ವವನ್ನು ಕೆಜಿಎಫ್‌ನ ನಮ್ಮ ಫ್ಯಾಕ್ಟರಿ ಕ್ಯಾಂಟೀನಿಗೆ ತಂದು, ಅದನ್ನು ಕುಲಗೆಡಿಸಿ, ಕೊನೆಗೆ ಅದರಿಂದಲೇ ಒಂದು ಬಿಸಿ ಮುದ್ದೆ ಹೊರಡಿಸಿದವನು ನಾನೇ. ಇದರಲ್ಲಿ ಯಾರಿಗೂ ಪಾಲಿಲ್ಲ. ಇದ್ದರೂ ಅರ್ಧ ಪಾಲು ಮಾತ್ರ, ಅದನ್ನು ಕೊಡಬೇಕಾದವರಿಗೆ ಮುಂದೆ ಕೊಡುತ್ತೇನೆ.

ನಾನು ಬಂಗಾರಪೇಟೆಯವನು. ಎಪ್ಪತ್ತರ ದಶಕದಲ್ಲಿ ಫ್ಯಾಕ್ಟರಿಗೆ ಎಲೆಕ್ಟ್ರಿಷಿಯನ್ ಆಗಿ ಸೇರಿದೆ. ಬೆಳಗಿನ ರೈಲು ಹತ್ತಿದರೆ ಕರ್ನಾಟಕದ ಎಲ್ಲ ಮೂಲೆಯವರೂ ಒಂದೇ ಡಬ್ಬಿಯಲ್ಲಿ ಸಿಗುತ್ತಿದ್ದರು. ಅವರ ಟಿಫನ್ ಕ್ಯಾರಿಯರ್‌ಗಳನ್ನು ಅದಲುಬದಲು ಮಾಡಿಟ್ಟು, ಮಧ್ಯಾಹ್ನ ಊಟದ ಹೊತ್ತಿಗೆ ಯಾರು ಯಾರ ಮನೆ ಸಾರು ತಿಂದು ಬೈಯುತ್ತಾರೆ ನೋಡುವುದು ನನ್ನ ಕೆಲಸ. ಸಂಬಳ ಕೊಡುತ್ತಿದ್ದದ್ದು ಮಾತ್ರ ವೈರಿಂಗಿಗೆ.

ಈ ಕತೆಗೆ ಬೇಕಾದವರಲ್ಲಿ ಮೊದಲನೆಯವನು ಕಾಮಸಮುದ್ರದ ಮಾವ. ರಕ್ತಸಂಬಂಧ ಏನೂ ಇಲ್ಲ. ಅವನ ಊರಿನ ಕಡೆ ನಮ್ಮಮ್ಮನ ತವರು, ಅಷ್ಟಕ್ಕೇ ಮಾವ. ಫಿಟ್ಟರ್. ಅವನ ಕೈಗೆ ಕಬ್ಬಿಣ ಸಿಕ್ಕರೆ ಅದು ಬೆಣ್ಣೆ ಆಗುತ್ತಿತ್ತು. ಮುಖ ಮಾತ್ರ ಸದಾ ಕಬ್ಬಿಣ. ಮನೆಯಲ್ಲಿ ಎರಡು ಎಕರೆ ಹೊಲ, ಮೂರು ಹಸು. ಕತ್ತಲಿರುವಾಗಲೇ ಹಾಲು ಕರೆದು, ಡೈರಿಗೆ ಹಾಕಿ, ಮೊದಲ ಬಸ್ಸು ಹಿಡಿದು ಬರುತ್ತಿದ್ದ. ಅವನ ಹೆಂಡತಿ ಅಷ್ಟು ಹೊತ್ತಿಗೇ ಮುದ್ದೆ ಕಟ್ಟಿ ಡಬ್ಬಿಗೆ ಹಾಕಿರುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಆ ಮುದ್ದೆಯಿಂದ ಮೊಳೆ ಹೊಡೆಯಬಹುದಿತ್ತು. ನಾನು ಒಂದು ಸಲ ಹೊಡೆದು ತೋರಿಸಿದ್ದೂ ಉಂಟು.

ಅವನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಅನ್ನ ಬಿಡು, ರಾಗಿ ತಿನ್ನು, ಹೊತ್ತಿಗೆ ಸರಿಯಾಗಿ ತಿನ್ನು ಅಂದರು. ನಮ್ಮ ಕ್ಯಾಂಟೀನಿನಲ್ಲಿ ಇದ್ದದ್ದು ಅನ್ನ, ಸಾಂಬಾರು, ರಸಂ, ಮತ್ತೆ ಅನ್ನ. ಡಬ್ಬಿಯ ಮುದ್ದೆ ಗಂಟಲಲ್ಲಿ ಇಳಿಯದು. ಮಾವ ನಾಲ್ಕು ತುತ್ತು ನುಂಗಿ ಏಳುತ್ತಿದ್ದ. ಒಂದು ಮಧ್ಯಾಹ್ನ ಕ್ರೇನ್ ಕೆಳಗೆ ತಲೆ ತಿರುಗಿ ಕೂತುಬಿಟ್ಟ. ಫೋರ್‌ಮನ್ ಒಳ್ಳೆಯವನೇ, ಆದರೆ ಖಡಾಖಂಡಿತ ಹೇಳಿದ: "ಇನ್ನೊಂದು ಸಲ ಹಿಂಗಾದ್ರೆ ನಿಮ್ಮನ್ನ ಸ್ಟೋರಿಗೆ ಹಾಕ್ತೀನಿ. ಕೂತ್ಕೊಂಡು ಬೋಲ್ಟು ಎಣಿಸಿ."

ರಿಟೈರ್ ಆಗೋಕೆ ಇನ್ನು ಹನ್ನೊಂದು ತಿಂಗಳು. ಮಾವ ಅವತ್ತು ರೈಲಿನವರೆಗೂ ನನ್ನ ಜೊತೆ ನಡೆದು ಬಂದ.

"ಕೇಳ್ಲಾ, ಸ್ಟೋರಿಗೆ ಓಗಿ ಕುಂತ್ಕಂಡು ರಿಟೇರ್ ಆಗೋಕಿಂತ ಇಲ್ಲೇ ಬಿದ್ದು ಓಗೋದು ವಾಸಿ. ನನ್ ಬೆಂಚಿಂದಾನೇ ನಾನು ಎದ್ ಓಗ್ಬೇಕು."

"ಅಂಗಾದ್ರೆ ಕ್ಯಾಂಟೀನಲ್ಲಿ ಮುದ್ದೆ ಮಾಡ್ಸಣ ಬಿಡು ಮಾವ."

"ನೀನಾ? ನೀನು ಮಾಡ್ಸಿದ್ರೆ ಅದ್ರೊಳಗೆ ಬೋಲ್ಟ್ ಇಟ್ಟಿರ್ತೀಯ."

ತಮಾಷೆಗೆ ಅಂದದ್ದಲ್ಲ ಅವನು. ಹಿಂದೆ ಒಂದು ಸಲ ಇಟ್ಟಿದ್ದೆ.

ಕ್ಯಾಂಟೀನಿನಲ್ಲಿ ಏನು ಬೇಯಬೇಕು ಅನ್ನುವುದು ಕ್ಯಾಂಟೀನ್ ಕಮಿಟಿಯ ಕೈಯಲ್ಲಿತ್ತು. ಕೆಲಸಗಾರರ ಕಡೆಯಿಂದ ಒಂಬತ್ತು ಜನ, ವರ್ಷಕ್ಕೊಂದು ಚುನಾವಣೆ. ಚುನಾವಣೆ ಅಂದರೆ ಊಟ ಆದ ಮೇಲೆ ಕ್ಯಾಂಟೀನ್ ಅಂಗಳದಲ್ಲಿ ಎಲ್ಲರೂ ನಿಲ್ಲುವುದು, ಒಂಬತ್ತು ಹೆಸರಿನ ಪಟ್ಟಿ ಓದುವುದು, ಕೈ ಎತ್ತುವುದು. ಯಾರ ಪಟ್ಟಿಗೆ ಹೆಚ್ಚು ಕೈಯೋ ಒಂಬತ್ತೂ ಅವರದೇ. ವರ್ಷ ವರ್ಷವೂ ಗೆಲ್ಲುತ್ತಿದ್ದದ್ದು ಊರಿಗಾಂ ಅಣ್ಣನ ಪಟ್ಟಿ.

ಊರಿಗಾಂ ಅಣ್ಣ ಕೆಜಿಎಫ್‌ನ ಊರಿಗಾಂ ಬಡಾವಣೆಯಲ್ಲಿ, ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿದವನು. ಅವನ ಅಪ್ಪ, ತಾತ ಇಬ್ಬರೂ ಚಿನ್ನದ ಗಣಿಯಲ್ಲಿ ಇಳಿದವರು. ತಮಿಳಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದ, ಮಧ್ಯೆ ಬೈಗುಳ ತೆಲುಗಿನಲ್ಲಿ. ಯಾರ ಮನೆಯಲ್ಲಿ ಸಾವಾದರೂ ಮೊದಲು ಅಲ್ಲಿರುತ್ತಿದ್ದವನು ಅವನೇ. ಅವನ ಎದುರು ಕೈ ಎತ್ತದೆ ನಿಲ್ಲುವುದು ಹೇಗೆ ಹೇಳಿ? ಯಾರೂ ಹೆದರಿಸುತ್ತಿರಲಿಲ್ಲ. ಮುಖ ಕಾಣುತ್ತಿತ್ತು, ಅಷ್ಟೇ. ಮುದ್ದೆ ತಿನ್ನುವ ಹಳ್ಳಿಯವರೂ ದಾಕ್ಷಿಣ್ಯಕ್ಕೆ ಅನ್ನದ ಪಟ್ಟಿಗೇ ಕೈ ಎತ್ತಿ, ವರ್ಷವೆಲ್ಲ ಗೊಣಗುತ್ತ ಕೂರುತ್ತಿದ್ದರು. ಮಾವನೂ ಹದಿನಾರು ವರ್ಷ ಎತ್ತಿದ್ದ.

ಇನ್ನು ಪೋಲಂಡಪ್ಪ.

ಅವನ ನಿಜವಾದ ಹೆಸರು ಕರೆಯೋಕೆ ನಾಲಿಗೆಗೆ ಎರಡು ಬೇರಿಂಗ್ ಬೇಕಿತ್ತು, ಹಾಗಾಗಿ ಪೋಲಂಡಪ್ಪ ಅಂದೆವು. ಹೊಸ ಯಂತ್ರದ ಕೆಲಸಕ್ಕೆ ಪೋಲೆಂಡಿನಿಂದ ಬಂದ ಎಂಜಿನಿಯರ್. ಎಂಬತ್ತರ ದಶಕದಲ್ಲಿ ಮೊದಲ ಸಲ ಬಂದಾಗ ಅಲ್ಲಿ ಕಮ್ಯುನಿಸ್ಟ್ ಸರ್ಕಾರ. ಆಗ ಬಂದದ್ದು ಇಬ್ಬರು, ಸದಾ ಜೋಡಿ. ಒಬ್ಬ ಮಾತಾಡಿದರೆ ಇನ್ನೊಬ್ಬ ಕೇಳಿಸಿಕೊಳ್ಳುತ್ತಿದ್ದ. ಎರಡನೆಯವನು ಎಂಜಿನಿಯರ್ ಅಲ್ಲ ಅಂತ ಮಾವ ಮೊದಲ ದಿನವೇ ಹೇಳಿದ: "ಸ್ಪ್ಯಾನರ್ ಇಡ್ಯೋಕೆ ಬರಲ್ಲ ಆ ನನ್ಮಗಂಗೆ. ಇವನ್ನ ಕಾಯೋಕೆ ಬಂದವ್ನೆ."

ಆ ಸಲ ನಾನು ಪೋಲಂಡಪ್ಪನಿಗೆ ಮಾವನ ಡಬ್ಬಿಯ ಮುದ್ದೆ ಕೊಟ್ಟು, ನಮ್ಮ ಕಡೆ ಅತಿಥಿಯಾದವನು ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು, ಇಲ್ಲದಿದ್ದರೆ ಮನೆಯವರಿಗೆ ಅವಮಾನ ಅಂತ ಹೇಳಿದೆ. ಮುದ್ದೆ ಅಗಿಯುವುದಲ್ಲ, ನುಂಗುವುದು ಅಂತ ನಿಮಗೆ ಗೊತ್ತು. ಅವನಿಗೆ ಗೊತ್ತಿರಲಿಲ್ಲ. ಪಾಪ, ಎಣಿಸಿ ಎಣಿಸಿ ಅಗಿದ. ಹಲ್ಲಿಗೆಲ್ಲ ಅಂಟಿ ಬಾಯಿ ತೆರೆಯದೆ, ಮಧ್ಯಾಹ್ನದ ಮೀಟಿಂಗಿನಲ್ಲಿ ಎಲ್ಲದಕ್ಕೂ ತಲೆ ಆಡಿಸಿದ. ಅವತ್ತು ನಮ್ಮ ಕಡೆಯವರು ಕೇಳಿದ್ದಕ್ಕೆಲ್ಲ ಒಪ್ಪಿಗೆ ಸಿಕ್ಕಿತು. ಫ್ಯಾಕ್ಟರಿಗೆ ನಾನು ಮಾಡಿದ ಈ ಉಪಕಾರ ಯಾವ ಕಡತದಲ್ಲೂ ಇಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ಎರಡನೇ ಸಲ ಬಂದಾಗ ಒಬ್ಬನೇ ಬಂದ. ಅಲ್ಲಿ ಸರ್ಕಾರ ಬದಲಾಗಿತ್ತು. ಮನುಷ್ಯನೂ ಬದಲಾಗಿದ್ದ. ಜೋರಾಗಿ ನಗುತ್ತಿದ್ದ, ಬೆನ್ನ ಹಿಂದೆ ನೋಡುತ್ತಿರಲಿಲ್ಲ. ಸಂಜೆ ಹೊತ್ತು ಕೋರಮಂಡಲ್ ಬಡಾವಣೆ ಕಡೆ ಒಬ್ಬನೇ ನಡೆದು ಹೋಗಿ, ಗಣಿಯ ಬಾಯಿ ಮೇಲೆ ನಿಂತ ಹಳೆ ಗಾಲಿಗೋಪುರಗಳನ್ನು ನೋಡಿಕೊಂಡು ಬರುತ್ತಿದ್ದ. ಯಾರನ್ನೂ ಕೇಳದೆ ನಡೆಯುವುದೇ ಒಂದು ಹಬ್ಬ ಅವನಿಗೆ. ಆಫೀಸರ್‌ಗಳ ಊಟದ ಕೋಣೆ ಬಿಟ್ಟು ನಮ್ಮ ಕ್ಯಾಂಟೀನಿನಲ್ಲೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ. ಅವನ ಇಂಗ್ಲಿಷ್ ಅರ್ಧ, ನನ್ನದು ಅರ್ಧ. ಇಬ್ಬರೂ ಕೂತರೆ ಒಂದು ಪೂರ್ತಿ ಇಂಗ್ಲಿಷ್ ಆಗುತ್ತಿತ್ತು.

ಆ ವರ್ಷದ ಕಮಿಟಿ ಚುನಾವಣೆಗೆ ವಾರ ಇರುವಾಗ, ನಾವು ಹೇಗೆ ಕೈ ಎತ್ತುತ್ತೇವೆ ಅಂತ ಅವನಿಗೆ ಹೇಳಿದೆ. ಅವನು ತಟ್ಟೆಯಿಂದ ಕೈ ತೆಗೆದ.

"ನಮ್ಮಲ್ಲೂ ಹೀಗೇ ಇತ್ತು. ಕೈ ಎತ್ತುತ್ತಿರಲಿಲ್ಲ, ಚೀಟಿ ಕೊಡುತ್ತಿದ್ದರು. ಒಂದು ಮೂಲೆಯಲ್ಲಿ ಪರದೆಯೂ ಇರುತ್ತಿತ್ತು. ಆದರೆ ಚೀಟಿಗೆ ಏನೂ ಗುರುತು ಹಾಕದೆ ಎಲ್ಲರೆದುರು ಪೆಟ್ಟಿಗೆಗೆ ಹಾಕಿದರೆ ಅದು ಸರ್ಕಾರದವರಿಗೆ ಓಟು. ಯಾರದೋ ಹೆಸರು ಹೊಡೆಯಬೇಕು ಅಂದರೆ ಪರದೆ ಹಿಂದೆ ಹೋಗಬೇಕು. ಪರದೆ ಹಿಂದೆ ಯಾರು ಹೋದರು ಅಂತ ಬಾಗಿಲಲ್ಲಿ ಕೂತವನು ನೋಡುತ್ತಿದ್ದ."

"ನೀನು ಹೋಗಿದ್ಯಾ?"

"ನನ್ನ ಹೆಂಡತಿ ಹೋದಳು. ನಾನು ಹೋಗಲಿಲ್ಲ." ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದ: "ಈಗ ನಮ್ಮಲ್ಲಿ ಎಲ್ಲರೂ ಪರದೆ ಹಿಂದೆ ಹೋಗುತ್ತಾರೆ. ಮೊನ್ನೆ ನಾನೂ ಹೋದೆ."

ಇಂಥ ಮಾತಿಗೆ ಏನು ತಮಾಷೆ ಮಾಡುವುದು? ನಾನು ಅನ್ನ ಕಲಸಿಕೊಂಡೆ.

ಆಮೇಲೆ ಅವನು ಹೊಸ ಪದ್ಧತಿ ವಿವರಿಸಿದ. ಅವರಲ್ಲಿ ಹೆಚ್ಚು ಓಟು ಬಂದವನೇ ಎಲ್ಲ ನುಂಗುವ ಹಾಗಿಲ್ಲ. ಯಾವ ಪಟ್ಟಿಗೆ ಎಷ್ಟು ಓಟೋ ಅಷ್ಟು ಸೀಟು. ಸಣ್ಣ ಪಟ್ಟಿಗೂ ಒಂದೋ ಎರಡೋ. ಹೀಗಾಗಿ ಪಾರ್ಲಿಮೆಂಟಿಗೆ ಬಂದ ಪಕ್ಷಗಳನ್ನು ಎಣಿಸೋಕೆ ಕೈಬೆರಳು ಕಾಲ್ಬೆರಳು ಸೇರಿದರೂ ಸಾಲದಂತೆ. ಸರ್ಕಾರ ಕಟ್ಟೋದೇ ಕಷ್ಟ, ಕಟ್ಟಿದ್ದು ನಿಲ್ಲೋದು ಇನ್ನೂ ಕಷ್ಟ. "ಬಿಯರ್ ಕುಡಿಯುವವರದ್ದೂ ಒಂದು ಪಕ್ಷ ಇದೆ. ತಮಾಷೆಗೆ ಶುರುವಾದದ್ದು. ಸೀಟು ಗೆದ್ದು ಪಾರ್ಲಿಮೆಂಟಿನಲ್ಲಿ ಕೂತಿದ್ದಾರೆ."

ಇಲ್ಲಿ ನನಗೆ ಜ್ಞಾನೋದಯವಾಯಿತು. ಓಹೋ, ಮುದ್ದೆಯ ಸೇಡು! ಇಷ್ಟು ವರ್ಷ ಕಾದು, ಗಂಭೀರವಾಗಿ ಮುಖ ಮಾಡಿಕೊಂಡು, ನನ್ನ ಕಿವಿಗೆ ಹೂ ಇಡುತ್ತಿದ್ದಾನೆ. ಬಿಯರ್ ಕುಡಿಯೋರ ಪಕ್ಷ ಪಾರ್ಲಿಮೆಂಟಿಗೆ ಬರುತ್ತದೆಯೇ? ಬಂಗಾರಪೇಟೆಯ ನನಗೇ ಈ ಆಟವಾ? ಇರಲಿ, ಇದಕ್ಕೆ ಉತ್ತರ ಕೊಡೋಣ ಅಂದುಕೊಂಡೆ.

ಪೋಲಂಡಪ್ಪ ಮಾರನೇ ದಿನ ವೆಲ್ಫೇರ್ ಆಫೀಸರ್ ಹತ್ತಿರ ಹೋಗಿ ಅದೇ ಮಾತು ಆಡಿದ. ಆಫೀಸರ್ ಧಾರವಾಡದ ಕಡೆಯವರು, ನಿಯಮದ ಪುಸ್ತಕ ಓದದೆ ನೀರೂ ಕುಡಿಯದ ಮನುಷ್ಯ. ಪುಸ್ತಕ ತೆಗೆದು ಮೇಲಿಂದ ಕೆಳಗೆ ಓದಿದರು.

"ಅಲ್ರೀ, ಆರಸಬೇಕು ಅಂತ ಐತಿ. ಹ್ಯಾಂಗ ಆರಸಬೇಕು ಅನ್ನೂದು ಮ್ಯಾನೇಜ್‌ಮೆಂಟಿಗೆ ಬಿಟ್ಟಾರ. ಕೈ ಎತ್ತಬೇಕಂತ ಎಲ್ಲೂ ಬರದಿಲ್ಲ! ಇಷ್ಟ ವರ್ಷ ಯಾಕ ಎತ್ತಸಿದಿವಿ ನಾವು?"

ಯಾಕೆಂದರೆ ಹಿಂದಿನವರು ಎತ್ತಿಸಿದ್ದರು. ನಮ್ಮಲ್ಲಿ ಅರ್ಧ ಕಾನೂನು ಪುಸ್ತಕದಲ್ಲಿರುವುದಿಲ್ಲ, ಅಂಗಳದಲ್ಲಿರುತ್ತದೆ.

ಎಲ್ಲರೂ ಕಾದದ್ದು ಊರಿಗಾಂ ಅಣ್ಣ ಏನನ್ನುತ್ತಾನೆ ಅಂತ. ಅವನು ಒಂದು ಮಾತು ಬೇಡ ಅಂದಿದ್ದರೆ ಪರದೆ ಏಳುತ್ತಿರಲಿಲ್ಲ. ಅವನು ವೀಳ್ಯದೆಲೆ ಮಡಚಿ ಬಾಯಿಗೆ ಹಾಕಿಕೊಂಡ. "ಪೋಡುಂಗೊ. ಪರದೆ ಹಾಕಿ, ಪಟ್ಟಿ ಲೆಕ್ಕಕ್ಕೆ ಸೀಟು ಕೊಡಿ. ಪರದೆ ಹಿಂದೆ ಹೋದ್ರೆ ಹಸಿವು ಬದಲಾಗ್ತದಾ? ನಮ್ ಜನಕ್ಕೆ ಅನ್ನಾನೇ." ಸೋಲುವ ಭಯ ಇಲ್ಲದೆ ಅಂದದ್ದು ಅಂತ ಆಗ ಅಂದುಕೊಂಡೆವು. ಸೋತರೂ ಪರವಾಗಿಲ್ಲ ಅನ್ನುವ ಗಟ್ಟಿತನ ಅದು ಅಂತ ನನಗೆ ಅರ್ಥವಾದದ್ದು ಬಹಳ ತಡವಾಗಿ.

ಪಟ್ಟಿಗಳು ಬಂದವು. ಅನ್ನದ ಪಟ್ಟಿ, ಊರಿಗಾಂ ಅಣ್ಣನದು. ಮುದ್ದೆ ಪಟ್ಟಿ, ಮಾವ ಜೀವಮಾನದಲ್ಲಿ ಮೊದಲ ಸಲ ಪಟ್ಟಿಯೊಂದರ ತುದಿಯಲ್ಲಿ. ಹುಬ್ಬಳ್ಳಿ, ಬೆಳಗಾವಿ ಕಡೆಯವರ ರೊಟ್ಟಿ ಪಟ್ಟಿ. ಮತ್ತೆ ನನ್ನದು: ಎರಡನೇ ಲೋಟ ಕಾಫಿ ಪಕ್ಷ. ಬೆಳಿಗ್ಗೆ ಒಂದೇ ಲೋಟ ಕೊಡುತ್ತಿದ್ದರಲ್ಲ, ಇನ್ನೊಂದು ಕೊಡಬೇಕು ಅನ್ನುವುದೇ ನಮ್ಮ ಸಿದ್ಧಾಂತ. ಪೋಲಂಡಪ್ಪನ ಬಿಯರ್ ಕತೆಗೆ ಇದು ನನ್ನ ಜವಾಬು. ಲೋಟ ತಲೆಯ ಮೇಲಿಟ್ಟುಕೊಂಡು ಭಾಷಣ ಮಾಡಿದೆ: "ಎರಡನೇ ಲೋಟ ಬರೋವರೆಗೂ ಈ ಕೈ ಬೇರೆ ಯಾವುದಕ್ಕೂ ಏಳೋದಿಲ್ಲ! ಇದು ನನ್ನ ಆಣೆ!" ಕಾಮಸಮುದ್ರದ ಬಸ್ಸಿನ ಹುಡುಗರು ಬಿದ್ದು ಬಿದ್ದು ನಕ್ಕರು. ಪೋಲಂಡಪ್ಪನೂ ನಕ್ಕ, ಆದರೆ ಆ ನಗು ನನಗೆ ಯಾಕೋ ಸರಿ ಕಾಣಲಿಲ್ಲ. ಮುಂದಾಗುವುದನ್ನು ಬಲ್ಲವನ ನಗು.

ಓಟಿನ ದಿನ ಕ್ಯಾಂಟೀನ್ ಮೂಲೆಯಲ್ಲಿ ಆಸ್ಪತ್ರೆಯಿಂದ ತಂದ ಹಸಿರು ಪರದೆ. ಮಾವ ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ.

"ಏನ್ ಮಾವ, ನಿದ್ದೆ ಬಂತಾ?" ನಾನು ಕೂಗಿದೆ.

"ಸುಮ್ಕಿರ್ಲಾ. ಯಾರೂ ನೋಡ್ತಿಲ್ಲ ಅಂತ ನೋಡ್ಕಂತಿದ್ದೆ."

ಎಣಿಕೆ ಆಯಿತು. ಅನ್ನಕ್ಕೆ ನಾಲ್ಕು ಸೀಟು. ಮುದ್ದೆಗೆ ಮೂರು. ರೊಟ್ಟಿಗೆ ಒಂದು. ಉಳಿದ ಒಂದು ಸೀಟು ಯಾರಿಗೆ ಅಂತ ಆಫೀಸರ್ ಮೂರು ಸಲ ಕೂಡಿಸಿ ಕಳೆದು, ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಎರಡನೇ ಲೋಟ ಕಾಫಿ ಪಕ್ಷ ಗೆದ್ದಿತ್ತು.

ಹುಡುಗರು ನನ್ನನ್ನು ಹೊತ್ತುಕೊಂಡು ಅಂಗಳ ಸುತ್ತಿಸಿದರು. ಕೆಳಗಿಳಿದಾಗ ಎದುರಿಗೆ ಮಾವ ನಿಂತಿದ್ದ.

"ಯಾರ್ಲಾ ಓಟಾಕಿದ್ದು ನಿಂಗೆ?"

"ಜನ, ಮಾವ. ಮಹಾಜನತೆ."

"ನಮ್ ಬಸ್ಸಿನ ಹುಡುಗ್ರು. ಎಲ್ಲಾ ಮುದ್ದೆ ತಿನ್ನೋರು. ಆ ಓಟು ನಮ್ಗೆ ಬಿದ್ದಿದ್ರೆ ಮುದ್ದೆಗೆ ನಾಕು, ರೊಟ್ಟಿಯೋರು ನಮ್ ಕಡೆ, ಐದಾಗ್ತಿತ್ತು. ನಿನ್ ತಮಾಸೆಗೆ ನನ್ ಮುದ್ದೆ ಓಯ್ತು ಕಣ್ಲಾ."

ಬೈದಿದ್ದರೆ ಚೆನ್ನಾಗಿತ್ತು. ಅವನು ಲೆಕ್ಕ ಹೇಳಿ ಹೊರಟುಹೋದ. ಲೆಕ್ಕ ಸರಿಯಾಗಿತ್ತು.

ಅವತ್ತು ಸಂಜೆ ಪೋಲಂಡಪ್ಪ ತನ್ನ ಕೋಣೆಗೆ ಕರೆದು, ಊರಿಂದ ಬಂದಿದ್ದ ಒಂದು ಪತ್ರಿಕೆ ತೋರಿಸಿದ. ಪಾರ್ಲಿಮೆಂಟಿನಲ್ಲಿ ಯಾವ ಪಕ್ಷದವರು ಎಷ್ಟೆಷ್ಟು ಕೂತಿದ್ದಾರೆ ಅನ್ನುವ ಪಟ್ಟಿ. ಅಕ್ಷರ ನನಗೆ ತಿಳಿಯದು. ಒಂದು ಸಾಲಿನ ಪಕ್ಕದಲ್ಲಿ ಬೆರಳಿಟ್ಟು, ಆ ಹೆಸರಿನೊಳಗಿನ ಒಂದು ಪದವನ್ನು ಪಕ್ಕದಲ್ಲಿದ್ದ ಬಾಟಲಿಯ ಚೀಟಿಗೆ ಹೋಲಿಸಿ ತೋರಿಸಿದ. ಹೌದು, ಬಿಯರ್. ಅವನು ಹೇಳಿದ್ದೆಲ್ಲ ಸತ್ಯ. ನಲವತ್ತು ಮೀರಿದ ನನ್ನ ಜೀವನದಲ್ಲಿ, ಒಬ್ಬ ಸತ್ಯ ಹೇಳಿದ್ದಕ್ಕೆ ನಾನು ಮೋಸಹೋದದ್ದು ಅದೊಂದೇ ಸಲ.

"ಅವರೀಗ ಏನು ಮಾಡ್ತಿದ್ದಾರೆ?" ಕೇಳಿದೆ.

"ಒಡೆದು ಎರಡಾದರು. ಆದರೆ ಕೆಲವರು ಒಳ್ಳೆ ಕೆಲಸಗಾರರು. ನಿಯಮ ನಿನ್ನನ್ನು ತಮಾಷೆಯಾಗಿ ಒಳಗೆ ಬಿಡಬಹುದು. ಒಳಗೆ ಕೂತ ಮೇಲೆ ನಿನ್ನ ಓಟು ತಮಾಷೆ ಅಲ್ಲ."

ಒಂದು ಕಡೆ ಅನ್ನದ ನಾಲ್ಕು. ಇನ್ನೊಂದು ಕಡೆ ಮುದ್ದೆ, ರೊಟ್ಟಿ ಸೇರಿ ನಾಲ್ಕು. ಮಧ್ಯೆ ಲೋಟ ಹಿಡಿದ ನಾನು. ನೀವೇನೋ ಮಾವನ ಕಡೆ ಕೈ ಎತ್ತಿ ಮುಗಿಸಬಹುದಿತ್ತಲ್ಲ ಅನ್ನುತ್ತೀರಿ. ಆಣೆ ಇಟ್ಟಿದ್ದೆನಲ್ಲ ಸ್ವಾಮಿ! ನನಗೆ ಓಟು ಹಾಕಿದ ಹುಡುಗರು ದಿನಾ ಬೆಳಿಗ್ಗೆ ಗೇಟಿನಲ್ಲಿ ಖಾಲಿ ಲೋಟ ಬಡಿದು, "ಎಲ್ಲಣ್ಣೋ ಎರಡನೇದು?" ಅನ್ನುತ್ತಿದ್ದರು. ತಮಾಷೆಗೆ ಓಟು ಹಾಕಿದವರು ಕಾಫಿಯನ್ನು ಮಾತ್ರ ನಿಜವಾಗಿಯೇ ಕೇಳುತ್ತಿದ್ದರು. ಊರಿಗಾಂ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಡೇಯ್ ತಂಬಿ, ದುಡ್ಡು ಒಂದಕ್ಕೇ ಇರೋದು. ಮುದ್ದೆಗೆ ಹೊಸ ಪಾತ್ರೆ, ಹೊಸ ಆಳು ಬೇಕು. ಅದನ್ನ ಬಿಡು, ನಿನ್ನ ಎರಡನೇ ಲೋಟ ನಾಳೇನೇ ಕೊಡಿಸ್ತೀನಿ."

ನಿಜ ಹೇಳುತ್ತೇನೆ, ಆ ಓಲೈಕೆ ನನಗೆ ರುಚಿಸಿತು. ಹದಿನೆಂಟು ವರ್ಷ ಯಾರೂ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡಿಸಿರಲಿಲ್ಲ. ಎಲ್ಲರೂ ದೂರದಿಂದಲೇ ಬೈದವರು. ಮೊದಲ ಮೀಟಿಂಗಿನಲ್ಲಿ ಕೈ ಎತ್ತಲಿಲ್ಲ. ಎರಡನೆಯದರಲ್ಲಿ ಹೊಟ್ಟೆನೋವು ಅಂದೆ. ಮೂರನೆಯದಕ್ಕೆ ಹೋಗಲೇ ಇಲ್ಲ. ಪ್ರತಿ ಸಲವೂ ನಾಲ್ಕು ನಾಲ್ಕು, ತೀರ್ಮಾನ ಮುಂದಕ್ಕೆ. ಹೀಗೆ ಎರಡು ತಿಂಗಳು ಕಳೆಯಿತು. ಮಾವ ಒಂದು ದಿನವೂ ಓಟು ಕೇಳಲಿಲ್ಲ. ಸಂಜೆ ರೈಲಿನ ದಾರಿಯಲ್ಲಿ ಸಿಕ್ಕರೆ ಒಂದೇ ಮಾತು: "ಇವತ್ತೂ ಇಲ್ವಾ?" ಹನ್ನೊಂದು ತಿಂಗಳು ಒಂಬತ್ತಾಗಿತ್ತು.

ಒಂದು ದಿನ ಅವನ ಬೆಂಚಿನ ಹತ್ತಿರ ವೈರಿಂಗ್ ಕೆಲಸಕ್ಕೆ ಹೋದೆ. ಮಾವ ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದು, ಕಣ್ಣು ಮುಚ್ಚಿ ನಿಂತಿದ್ದ. ಹಣೆಯಲ್ಲಿ ಬೆವರು. ಫೋರ್‌ಮನ್ ಆ ಕಡೆ ತಿರುಗಿದ್ದ. ನಾನು ಓಡಿಹೋಗಿ ಫೋರ್‌ಮನ್ ಮುಂದೆ ಬೇಕೆಂದೇ ಏಣಿ ಬೀಳಿಸಿದೆ. ಅವನು ಕಾಲು ಗಂಟೆ ನನಗೆ ಬೈದ. ಅಷ್ಟರಲ್ಲಿ ಮಾವ ಸುಧಾರಿಸಿಕೊಂಡು ಕಬ್ಬಿಣ ಉಜ್ಜುವ ಫೈಲ್ ಎತ್ತಿಕೊಂಡಿದ್ದ. ನನ್ನ ಕಡೆ ಒಂದು ಸಲ ನೋಡಿ ಮತ್ತೆ ಕೆಲಸಕ್ಕೆ ಬಾಗಿದ.

ಮುಂದಿನ ಮೀಟಿಂಗಿಗೆ ಎಲ್ಲರಿಗಿಂತ ಮೊದಲು ಹೋಗಿ ಕೂತೆ.

"ಸಾರ್, ಒಂದು ನಿಯಮದ ಪ್ರಶ್ನೆ. ಚುನಾವಣೆಗೆ ಪರದೆ ಬೇಕು ಅಂದ್ರಿ. ಒಳಗೆ ಬಂದ ಮೇಲೆ ನಮಗೆ ಯಾಕೆ ಪರದೆ ಇಲ್ಲ? ಕಮಿಟಿ ಮೆಂಬರ್ ಮುಖ ಎಲ್ಲರಿಗೂ ಕಾಣಬೇಕು ಅಂತ ಎಲ್ಲಿ ಬರೆದಿದೆ?"

ಆಫೀಸರ್ ಪುಸ್ತಕ ತೆಗೆದರು, ಓದಿದರು, ಮುಖ ಅರಳಿತು. "ಎಲ್ಲೂ ಬರದಿಲ್ಲರೀ!"

ನನ್ನ ಲೆಕ್ಕ ಸರಳ. ಪರದೆ ಹಿಂದೆ ಹೋಗಿ ಮಾವನಿಗೆ ಹಾಕುತ್ತೇನೆ, ಹೊರಗೆ ಬಂದು ಹುಡುಗರ ಮುಂದೆ ಆಣೆ ಮುರಿಯದವನಂತೆ ಓಡಾಡುತ್ತೇನೆ. ಐದು ನಾಲ್ಕು. ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಯಾರೂ ಸಾಬೀತು ಮಾಡಲಾರರು. ಹೊರಗೆ ಒಪ್ಪಿಕೊಳ್ಳದ ಈ ಮಾತನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಹಸಿರು ಪರದೆ ಮತ್ತೆ ಬಂತು. ಒಬ್ಬೊಬ್ಬರೇ ಹೋಗಿ ಬಂದೆವು. ಆಫೀಸರ್ ಚೀಟಿ ಬಿಡಿಸಿ ಮೇಜಿನ ಮೇಲೆ ಎರಡು ಸಾಲು ಮಾಡಿದರು.

ಮುದ್ದೆ ಬೇಕು: ಆರು. ಬೇಡ: ಮೂರು.

ಆರು! ನಾನು ಹಾಕಿದರೆ ಐದು. ಆರನೆಯದು ಅನ್ನದ ಪಟ್ಟಿಯ ನಾಲ್ವರಲ್ಲಿ ಒಬ್ಬನದು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಓಟಿಗಾಗಿ ಇಷ್ಟು ದಿನ ಎಲ್ಲರನ್ನೂ ಕುಣಿಸಿದೆನಲ್ಲ, ಕೊನೆಗೆ ನಾನು ಮನೆಯಲ್ಲಿ ಮಲಗಿದ್ದರೂ ಮುದ್ದೆ ಗೆಲ್ಲುತ್ತಿತ್ತು. ಇಂಥ ಅವಮಾನ ನನಗೆ ಹಿಂದೆ ಆಗಿರಲಿಲ್ಲ.

ಊರಿಗಾಂ ಅಣ್ಣ ಎದ್ದು ಪಂಚೆ ಸರಿಮಾಡಿಕೊಂಡ. "ಸರಿ, ಜಯಿಚ್ಚಿಟ್ಟೀಂಗೊ, ಗೆದ್ಬಿಟ್ರಿ. ಪಾತ್ರೆ ತರ್ಸಿ." ಬಾಗಿಲಲ್ಲಿ ನಾನು ಅಡ್ಡ ನಿಂತೆ.

"ಅಣ್ಣಾ, ನೀವೇನಾ?"

"ಅದು ನನಗೂ ಪರದೆಗೂ ಇರೋ ವಿಷ್ಯ ತಂಬಿ." ನಡೆದವನು ತಿರುಗಿ, ದನಿ ತಗ್ಗಿಸಿ ಹೇಳಿದ: "ಅವನು ಬೆಂಚು ಹಿಡ್ಕೊಂಡು ನಿಂತಿದ್ದು ನೀನೊಬ್ನೇ ನೋಡಿದ್ದು ಅನ್ಕೊಂಡ್ಯಾ?"

ತನ್ನ ಪಟ್ಟಿಯವರೆದುರು ಅವನು ಮುದ್ದೆಗೆ ಕೈ ಎತ್ತಲಾರ. ಅವನನ್ನು ಆರಿಸಿದವರು ಅನ್ನಕ್ಕಾಗಿ ಆರಿಸಿದವರು. ನನ್ನಂಥ ಕಪಿಗೆ ಬಚ್ಚಿಟ್ಟುಕೊಳ್ಳೋಕೆ ಬೇಕಾದ ಬಟ್ಟೆಯ ತುಂಡೇ ಅಂಥ ದೊಡ್ಡ ಮನುಷ್ಯನಿಗೆ ಮನಸ್ಸು ಬಿಚ್ಚೋಕೆ ಜಾಗವಾಯಿತು. ಪೋಲಂಡಪ್ಪನಿಗೆ ಹೇಳಿದಾಗ ಅವನು ಎದ್ದು ನೆಟ್ಟಗೆ ನಿಂತು, ಊರಿಗಾಂ ಅಣ್ಣ ಇದ್ದ ವರ್ಕ್‌ಶಾಪಿನ ಕಡೆ ತಿರುಗಿ, ಟೋಪಿ ತೆಗೆದ. ಅರ್ಧ ಪಾಲು ಯಾರದು ಅಂತ ಈಗ ಗೊತ್ತಾಯಿತಲ್ಲ. ಅದರಲ್ಲೂ ಅರ್ಧ ಪೋಲಂಡಪ್ಪನದು.

ಮೊದಲ ದಿನದ ಮುದ್ದೆ ನಗೆಪಾಟಲಾಯಿತು. ಅಡುಗೆಯವರು ಜನ್ಮದಲ್ಲಿ ಮುದ್ದೆ ತಿರುವಿದವರಲ್ಲ. ಕೋಲು ಹಾಕಿ ತಿರುವಿದರೆ ದೊಡ್ಡ ಪಾತ್ರೆಯೇ ಒಲೆಯ ಮೇಲೆ ಗಿರಗಿರನೆ ಸುತ್ತುತ್ತಿತ್ತು, ಹಿಟ್ಟೆಲ್ಲ ಗಂಟು ಗಂಟು. ಹಳ್ಳಿಯಲ್ಲಿ ಹೆಂಗಸರು ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು ತಿರುವುತ್ತಾರೆ. ಇಷ್ಟು ದೊಡ್ಡ ಪಾತ್ರೆಗೆ ಅಂಥ ಕವೆ ಯಾವ ಮರದಲ್ಲೂ ಇಲ್ಲ. ಮಾವ ಅದನ್ನು ನೋಡಿ ನೇರ ಬೆಂಚಿಗೆ ಹೋದ. ಪೋಲಂಡಪ್ಪ ಪಾತ್ರೆಯ ಸುತ್ತಳತೆ ತೆಗೆದು ಕಾಗದದಲ್ಲಿ ಗೆರೆ ಎಳೆದುಕೊಟ್ಟ. ಮೂರನೇ ದಿನಕ್ಕೆ ಕಬ್ಬಿಣದ ಕವೆಗೋಲು ಸಿದ್ಧ, ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದ್ದು. ಆ ಬೋಲ್ಟ್ ಬಿಗಿ ಮಾಡಿದವನು ನಾನು. ಮುದ್ದೆಯೊಳಗೆ ಹಾಕಲಿಲ್ಲ ಅನ್ನುವುದನ್ನು ಗಮನಿಸಿ.

ಹುರುಳಿಕಾಳಿನ ಸಾರಿನಲ್ಲಿ ಹೊಗೆಯಾಡುವ ಮುದ್ದೆ ಮುಳುಗಿಸಿ ಮಾವ ಮೊದಲ ತುತ್ತು ನುಂಗಿದ. ಎದುರಿಗೆ ಪೋಲಂಡಪ್ಪ, ಈ ಸಲ ಅಗಿಯದೆ ನುಂಗಿದ. ಆಮೇಲೆ ನನ್ನ ಕಡೆ ನೋಡಿ ಹೇಳಿದ: "ಮೂವತ್ತೆರಡು ಸಲ, ಹಾಂ?"

ಮುಂದಿನ ಚುನಾವಣೆ ಬರುವ ಮೊದಲೇ ಎಲ್ಲರಿಗೂ ಪಕ್ಷ ಕಟ್ಟುವ ಹುಚ್ಚು ಹಿಡಿಯಿತು. ಬಜ್ಜಿ ಪಕ್ಷ, ಉಪ್ಪಿನಕಾಯಿ ಪಕ್ಷ, ಫ್ಯಾನ್ ಕೆಳಗೆ ಕೂರುವವರ ಪಕ್ಷ. ಆಫೀಸರ್ ತಲೆ ಮೇಲೆ ಕೈ ಹೊತ್ತು ಹೊಸ ನಿಯಮ ಬರೆದು ತಂದರು: ಇಷ್ಟು ಓಟು ಬಂದರೆ ಮಾತ್ರ ಸೀಟು, ಅದಕ್ಕಿಂತ ಕಡಿಮೆ ಬಂದವರಿಗೆ ಇಲ್ಲ. ಹಾಗಾದರೆ ಮೊದಲು ಸಾಯುವುದು ನನ್ನ ಪಕ್ಷವೇ. ಈ ಸಲ ಪರದೆ ಬೇಡ ಅಂದೆ. ಎಲ್ಲರೂ ನೋಡುವ ಹಾಗೆ, ಎಲ್ಲರಿಗಿಂತ ಮೊದಲು, ಆ ನಿಯಮ ಬೇಕು ಅಂತ ಕೈ ಎತ್ತಿದೆ. ಆಗ ಊರಿಗೆ ಮರಳಿದ್ದ ಪೋಲಂಡಪ್ಪನಿಗೆ ಕಾಗದ ಬರೆದೆ. ಬಹಳ ದಿನಗಳ ಮೇಲೆ ಉತ್ತರ ಬಂತು: ಅವರಲ್ಲೂ ಅಂಥದೇ ನಿಯಮ ತಂದರಂತೆ, ಪಾರ್ಲಿಮೆಂಟಿನಲ್ಲಿ ಈಗ ಕೈಬೆರಳಿನಲ್ಲೇ ಎಣಿಸುವಷ್ಟು ಪಕ್ಷ, ಬಿಯರಿನವರು ಇಲ್ಲ. "ಎರಡು ದೇಶದಲ್ಲೂ ನಮ್ಮಂಥವರಿಗೆ ಜಾಗ ಕಡಿಮೆಯಾಯಿತು. ಆದರೆ ಅಡುಗೆ ಆಗುತ್ತಿದೆ" ಅಂತ ಬರೆದಿದ್ದ.

ಎರಡನೇ ಲೋಟ ಕಾಫಿ ಕ್ಯಾಂಟೀನಿಗೆ ಬರಲೇ ಇಲ್ಲ. ಆದರೆ ನನಗೆ ಮಾತ್ರ ಒಂಬತ್ತು ತಿಂಗಳು ಬಂತು. ಸಕ್ಕರೆ ಹಾಕಿ ಬರುತ್ತಿದ್ದ ಕಾಫಿ ಮಾವನಿಗೆ ವರ್ಜ್ಯ. ಮುದ್ದೆ ಶುರುವಾದ ದಿನದಿಂದ ಬೆಳಿಗ್ಗೆ ತನ್ನ ಪಾಲಿನ ಲೋಟವನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳುತ್ತಿದ್ದ, ಮುಖ ನೋಡದೆ.

ಅವನು ಸ್ಟೋರಿಗೆ ಹೋಗಲಿಲ್ಲ. ಕೊನೆಯ ದಿನ ಬೆಂಚು ಒರೆಸಿ, ಫೈಲುಗಳನ್ನು ಉದ್ದದ ಪ್ರಕಾರ ಜೋಡಿಸಿ, ಬೀಗದ ಕೈಯನ್ನು ಫೋರ್‌ಮನ್ ಕೈಗೆ ತಾನೇ ಕೊಟ್ಟ. ಊರಿಗಾಂ ಅಣ್ಣ ಹಾರ ಹಾಕಿದ. ಅವತ್ತು ಬೆಳಿಗ್ಗೆಯೂ ಲೋಟ ನನ್ನ ಕಡೆ ಸರಿದಿತ್ತು.

"ಕುಡ್ಕಳ್ಲಾ. ನಾಳೆಯಿಂದ ನಿಂಗೆ ಒಂದೇ."